ಕಥೆಯ ಬಾಗಿಲಿನಿಂದ ತತ್ತ್ವದ ಮನೆಗೆ

ತತ್ತ್ವಶಾಸ್ತ್ರವನ್ನು ಆಗತಾನೆ ಕಲಿಯಹೊರಟವನ ಕೈಗೆ ಕಾದಂಬರಿಯನ್ನು ಕೊಡಬಹುದೆ? ದಕ್ಷಿಣ ಸ್ಪೇನಿನ ವೈದ್ಯನೂ ಪಂಡಿತನೂ ಆಗಿದ್ದ ಇಬ್ನ್ ತುಫೈಲ್ 12ನೆಯ ಶತಮಾನದಲ್ಲಿಯೇ ಇದಕ್ಕೆ ಕೈಹಾಕಿದನು. ಅವನು ಅರಬ್ಬಿಯಲ್ಲಿ ಬರೆದ ಕಥೆಯ ನಾಯಕ ಹಯ್ ಇಬ್ನ್ ಯಕ್ಜಾನ್. ಎಂದರೆ ‘ಎಚ್ಚತ್ತವನ ಮಗ, ಜೀವಂತ’.

ನಿರ್ಜನ ದ್ವೀಪವೊಂದರಲ್ಲಿ ಈ ಶಿಶುವನ್ನು ಜಿಂಕೆಯೊಂದು ಹಾಲೂಡಿಸಿ ಸಾಕುತ್ತದೆ. ಒಂದು ದಿನ ಆ ತಾಯಿಜಿಂಕೆ ಸಾಯುತ್ತದೆ. ಕಣ್ಣು ಕಿವಿಗಳಿಗೆ ಊನವಿಲ್ಲ; ಆದರೂ ಕೂಗಿದರೆ ಓಗೊಡದು. ಬಾಲಕನು ಅದರ ಎದೆಯನ್ನು ಸೀಳಿ ನೋಡುತ್ತಾನೆ. ಹೃದಯದ ಒಂದು ಗೂಡು ಬರಿದಾಗಿದೆ. ಅಲ್ಲಿದ್ದು ಹೊರಟುಹೋದುದು ಯಾವುದು? ಅಲ್ಲಿಂದ ಅವನ ವಿಚಾರವು ಆತ್ಮ, ಜಗತ್ತು, ಜಗತ್ಕಾರಣಗಳವರೆಗೆ ಏರುತ್ತದೆ. ಆತ್ಮದ ಲಕ್ಷಣವನ್ನು ಹೇಳಹೊರಟರೆ ಆಕಳಿಸುವ ಹುಡುಗನೂ ಇಲ್ಲಿ ಉತ್ತರಕ್ಕಾಗಿ ತವಕಿಸುತ್ತಾನೆ.

ಮುಂದೆ ಹಯ್ ಪಕ್ಕದ ದ್ವೀಪದ ಜನರಿಗೆ ತಾನು ಕಂಡ ಸತ್ಯವನ್ನು ನೇರವಾಗಿ ಬೋಧಿಸಹೋಗಿ, ಸೋತು ಹಿಂದಿರುಗುತ್ತಾನೆ. ನಾಯಕನು ಸೋತಲ್ಲಿ ಕಥೆ ಗೆದ್ದಿತು. 1671ರಲ್ಲಿ ಆಕ್ಸ್‌ಫರ್ಡಿನಲ್ಲಿ ಅದರ ಲ್ಯಾಟಿನ್ ಅನುವಾದ ಅಚ್ಚಾಯಿತು. 1708ರಲ್ಲಿ ಸೈಮನ್ ಆಕ್ಲೆ ಅದನ್ನು ಇಂಗ್ಲಿಷಿಗೆ ತಂದನು.

ಆದರೂ ಒಂದು ಕೊರತೆಯುಂಟು. ಆ ದ್ವೀಪದಲ್ಲಿ ಹಯ್‌ಗೆ ಎದುರಾಡುವವರಿಲ್ಲ. ನಮ್ಮ ಶಾಸ್ತ್ರಕಾರರಾದರೋ ಪೂರ್ವಪಕ್ಷವನ್ನು ಮಂಡಿಸಿಯೇ ಸಿದ್ಧಾಂತಕ್ಕೆ ಬರುವವರು. ಕಥೆಗಾರನ ಉತ್ತರವೇ ಕೊನೆಯದೆಂದು ನಂಬಿದ ಓದುಗನು ಕಥೆಯನ್ನು ಓದಿದನೇ ಹೊರತು ತತ್ತ್ವವನ್ನು ಕಲಿಯಲಿಲ್ಲ.

ಆದುದರಿಂದ ತರಗತಿಯಲ್ಲಿ ಈ ಕಥೆಯನ್ನು ಹೇಳುವಾಗ ನಾನು ಜಿಂಕೆ ಸತ್ತಲ್ಲಿಗೆ ನಿಲ್ಲಿಸುತ್ತೇನೆ. ಹುಡುಗರು ತಮ್ಮತಮ್ಮಲ್ಲಿ ವಾದಿಸಿ ದಣಿದ ಮೇಲೆಯೇ ಹಯ್ ಕಂಡುಕೊಂಡ ಉತ್ತರವನ್ನು ತಿಳಿಸುತ್ತೇನೆ.