ಮನೆಯ ಯಜಮಾನನ ಮೇಲೊಬ್ಬ ತಂದೆ

ಕ್ರಿಸ್ತಪೂರ್ವ 1ನೇ ವರ್ಷದಲ್ಲಿ ಹಿಲಾರಿಯೋನ್ ಎಂಬ ಕೂಲಿಗಾರ ಅಲೆಕ್ಸಾಂಡ್ರಿಯಾದಿಂದ ತನ್ನ ಹೆಂಡತಿ ಆಲಿಸಳಿಗೆ ಬರೆದ ಕಾಗದವೊಂದು ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿದೆ. ಗಾಬರಿಯಾಗಬೇಡ, ಚಿಕ್ಕದನ್ನು ಚೆನ್ನಾಗಿ ನೋಡಿಕೋ, ಕೂಲಿ ಕೈಸೇರಿದ ಕೂಡಲೇ ಕಳಿಸುತ್ತೇನೆ ಎಂದು ಬರೆಯುವ ಆತ, ಅದೇ ದನಿಯಲ್ಲಿ, ಹುಟ್ಟುವುದು ಗಂಡಾದರೆ ಇರಲಿ, ಹೆಣ್ಣಾದರೆ ಎಸೆದುಬಿಡು ಎಂದೂ ಹೇಳುತ್ತಾನೆ. ಮುಂದಿನ ಸಾಲಿನಲ್ಲೇ, ನಿನ್ನನ್ನು ಮರೆಯುವುದುಂಟೇ ಎಂಬ ಸಾಂತ್ವನ. ಅವನೇನು ರಾಕ್ಷಸನಲ್ಲ. ಹುಟ್ಟಿದ ಕೂಸನ್ನು ಉಳಿಸಿಕೊಳ್ಳಬೇಕೋ ಬೇಡವೋ ಎಂಬ ತೀರ್ಮಾನ ಆ ಲೋಕದಲ್ಲಿ ತಂದೆಗೆ ಸೇರಿದ್ದಾಗಿತ್ತು. ಇದಾದ ಅರ್ಧ ಶತಮಾನದೊಳಗೆ ಅದೇ ಲೋಕದ ಪೂರ್ವದ ಅಂಚಿನಲ್ಲಿ ಸಣ್ಣದೊಂದು ಪಂಗಡ ದೇವರನ್ನು ತಂದೆ ಎಂದು ಕರೆದು ಪ್ರಾರ್ಥಿಸತೊಡಗಿತು. ಆ ಕರೆಯ ಬಗ್ಗೆ ಇಂದು ಎರಡು ಮಾತು ಸಲೀಸಾಗಿ ಕೇಳಿಬರುತ್ತವೆ. ಭಯಪಡಬೇಕಾದ ದೇವರನ್ನು ಪ್ರೀತಿಸಬಹುದಾದ ದೇವರನ್ನಾಗಿ ಮಾಡಿದ್ದು ಇದೇ ಎಂಬುದು ಭಕ್ತರ ಮಾತು; ಮನೆಯ ಗಂಡಾಳಿಕೆಯನ್ನೇ ಆಕಾಶಕ್ಕೇರಿಸಿ ಅದಕ್ಕೆ ದೇವರ ಮುದ್ರೆ ಒತ್ತಿಸಿಕೊಂಡರು ಎಂಬುದು ವಿಮರ್ಶಕರ ಮಾತು. ದೇವರು ತಂದೆಯಾದ ಮೇಲೆ ಮನೆಯಲ್ಲಿದ್ದ ತಂದೆಯ ಗತಿ ಏನಾಯಿತು ಎಂದು ಇಬ್ಬರೂ ಕೇಳುವುದಿಲ್ಲ. ಆ ನಂಬಿಕೆಯನ್ನು ಬಾಯಿಮಾತಿಗೆ ಬಿಡದೆ ಬಾಳಿಗೆ ಹಚ್ಚಿಕೊಂಡವರ ಕೈಯಲ್ಲಿ ಅದು ಯಜಮಾನನ ಅಧಿಕಾರಕ್ಕೆ ಮೇರೆ ಹಾಕಿತು ಎಂಬುದು ನನ್ನ ವಾದ. ಆ ಮೇರೆಯೇ ಒಮ್ಮೊಮ್ಮೆ ಕ್ರೂರವಾದದ್ದೂ ಉಂಟು.

ಮೊದಲು ಆ ಅಧಿಕಾರ ಎಂಥದಿತ್ತು ಎಂದು ನೋಡಬೇಕು. ಸುಮಾರು 160ರಲ್ಲಿ ಬರೆದ ರೋಮನ್ ನ್ಯಾಯಶಾಸ್ತ್ರಜ್ಞ ಗಾಯಸ್, ಮಕ್ಕಳ ಮೇಲೆ ನಮಗಿರುವಂಥ ಅಧಿಕಾರ ಬೇರೆ ಜನರಲ್ಲಿ ಇಲ್ಲವೆಂದೇ ಹೇಳಬಹುದು ಎಂದು ಹೆಮ್ಮೆಯಿಂದಲೋ ಅಚ್ಚರಿಯಿಂದಲೋ ದಾಖಲಿಸುತ್ತಾನೆ. ತಂದೆ ಬದುಕಿರುವಷ್ಟು ಕಾಲ ಮಗ ಅವನ ಅಧೀನ. ಮಗನಿಗೆ ನಲವತ್ತಾಗಿರಲಿ, ಅವನು ಕಾನ್ಸಲ್ ಪದವಿಗೇ ಏರಿರಲಿ, ಸ್ವಂತದ ಆಸ್ತಿ ಎಂಬುದಿಲ್ಲ. ಗಳಿಸಿದ್ದೆಲ್ಲ ಕಾನೂನಿನ ಲೆಕ್ಕದಲ್ಲಿ ತಂದೆಯದು. ಸಾವು ಬದುಕಿನ ಮೇಲಿನ ಹಕ್ಕೂ ತಂದೆಯದೇ ಎಂದು ಹಳೆಯ ಕಟ್ಟಳೆ ಹೇಳುತ್ತಿತ್ತು. (ಕಲ್ಯಾಣದ ವಿಜ್ಞಾನೇಶ್ವರನ ಮಿತಾಕ್ಷರ ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಕೊಟ್ಟದ್ದನ್ನು ಬಲ್ಲ ನಮಗೆ ಇದು ವಿಚಿತ್ರವಾಗಿಯೇ ಕಾಣುತ್ತದೆ.) ಈ ತಂದೆತನ ರಾಜಕೀಯಕ್ಕೂ ಹಬ್ಬಿತ್ತು: ಕ್ರಿಸ್ತಪೂರ್ವ 2ರಲ್ಲಿ ಅಗಸ್ಟಸ್ ಚಕ್ರವರ್ತಿ ದೇಶದ ತಂದೆ ಎಂಬ ಬಿರುದು ಪಡೆದ. ದೇವಲೋಕದಲ್ಲೂ ಜೂಪಿಟರ್ ತಂದೆಯೇ. ಯೆಹೂದ್ಯರ ಧರ್ಮಗ್ರಂಥಗಳಲ್ಲೂ ದೇವರು ಇಸ್ರಾಯೇಲಿನ ತಂದೆ. ಎಫ್ರಾಯೀಮನಿಗೆ ನಡೆಯಲು ಕಲಿಸಿದವನು ಎಂದು ಹೋಶೇಯ ಪ್ರವಾದಿ ಅವನನ್ನು ಚಿತ್ರಿಸುತ್ತಾನೆ. ಆದ್ದರಿಂದ ಹೆಸರಾಗಲಿ, ಅದರೊಳಗಿನ ಮಮತೆಯಾಗಲಿ ಕ್ರೈಸ್ತರು ಹುಟ್ಟಿಸಿದ್ದಲ್ಲ. ಹೊಸದನ್ನು ಹುಡುಕಬೇಕಾದದ್ದು ಆ ಹೆಸರಿನಿಂದ ಅವರು ಮಾಡಿದ ಕೆಲಸದಲ್ಲಿ.

ಮಾರ್ಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಯೇಸು ತನಗಾಗಿ ಮನೆಮಾರು ಬಿಟ್ಟವರಿಗೆ ಕೊಡುವ ಭರವಸೆಯೊಂದಿದೆ. ಬಿಟ್ಟುಬಂದವರ ಪಟ್ಟಿಯಲ್ಲಿ ಮನೆ, ಅಣ್ಣತಮ್ಮಂದಿರು, ಅಕ್ಕತಂಗಿಯರು, ತಾಯಿ, ತಂದೆ, ಮಕ್ಕಳು, ಹೊಲ ಎಲ್ಲವೂ ಇವೆ. ನೂರರಷ್ಟಾಗಿ ಮರಳಿ ಸಿಗುವವುಗಳ ಪಟ್ಟಿಯಲ್ಲಿ ತಂದೆ ಮಾತ್ರ ಇಲ್ಲ. ಬರೆಯುವಾಗ ಬಿಟ್ಟುಹೋದದ್ದು ಎಂದುಕೊಳ್ಳಬಹುದಿತ್ತು. ಆದರೆ ಭೂಮಿಯ ಮೇಲೆ ಯಾರನ್ನೂ ತಂದೆ ಎನ್ನಬೇಡಿ, ಪರಲೋಕದಲ್ಲಿ ನಿಮಗೊಬ್ಬ ತಂದೆಯಿದ್ದಾನೆ ಎಂಬರ್ಥದ ಮಾತು ಮತ್ತಾಯನಲ್ಲಿ ಬಿಚ್ಚಿಯೇ ಬರುತ್ತದೆ. ಹೊಸ ಬಳಗದಲ್ಲಿ ಆ ಪೀಠ ಈಗಾಗಲೇ ಭರ್ತಿಯಾಗಿತ್ತು. ಲೂಕನು ಹೇಳುವ ತಪ್ಪಿಹೋದ ಮಗನ ಕತೆಯನ್ನೂ ಈ ಬೆಳಕಿನಲ್ಲಿ ಓದಬೇಕು. ತಂದೆ ಬದುಕಿರುವಾಗಲೇ ಪಾಲು ಕೇಳುವ ಮಗ, ಕೇಳಿದೊಡನೆ ಕೊಡುವ ತಂದೆ, ಹಾಳಾಗಿ ಬಂದವನನ್ನು ಕಂಡು ಓಡಿಹೋಗಿ ತಬ್ಬಿಕೊಳ್ಳುವ ಮುದುಕ: ಇದರಲ್ಲಿ ಯಾವುದೂ ಯಜಮಾನನಿಗೆ ಒಪ್ಪುವ ನಡತೆಯಲ್ಲ. ಸುಮಾರು ಅದೇ ಶತಮಾನದ ರೋಮನ್ ತತ್ತ್ವಜ್ಞಾನಿ ಸೆನೆಕಾ ಕೂಡ ದೇವರನ್ನು ತಂದೆ ಎಂದವನೇ, ಆದರೆ ಅವನ ದೇವರು ಮಕ್ಕಳನ್ನು ಕಷ್ಟಕ್ಕೆ ಒಡ್ಡಿ ಗಟ್ಟಿ ಮಾಡುವವನು. ಮುದ್ದಿಸುವುದನ್ನು ತಾಯಂದಿರಿಗೆ ಬಿಟ್ಟವನು. ಸೆನೆಕಾನ ತಂದೆ ರೋಮಿನ ಯಾವ ಮನೆಯಲ್ಲೂ ಹೊಂದಿಕೊಳ್ಳುತ್ತಿದ್ದ, ಲೂಕನ ತಂದೆ ಹೊಂದುತ್ತಿರಲಿಲ್ಲ. ಇನ್ನು ಪೌಲ, ವಾರಸುದಾರನೂ ಎಳೆಯನಾಗಿರುವಾಗ ದಾಸನಿಗಿಂತ ಬೇರೆಯಲ್ಲ ಎಂದು ಹೇಳಿ, ನಿಮ್ಮನ್ನು ದೇವರು ದತ್ತು ತೆಗೆದುಕೊಂಡಿದ್ದಾನೆ ಎಂದು ಬರೆದದ್ದು ಗಲಾತ್ಯದವರಿಗೆ. ರೋಮನರಷ್ಟೇ ಬಿಗಿಯಾದ ಪಿತ್ರಧಿಕಾರವನ್ನು ನಂಬಿದ ಪರಜನರೆಂದು ಗಾಯಸ್ ಹೆಸರು ಹಿಡಿದು ಹೇಳುವುದು ಇದೇ ಗಲಾತ್ಯರನ್ನು.

ಈ ಮಾತುಗಳು ಮನೆಯೊಳಗೆ ಹೊಕ್ಕಾಗ ಏನಾಗುತ್ತಿತ್ತು ಎಂಬುದಕ್ಕೆ ಉತ್ತರ ಆಫ್ರಿಕಾದ ಕಾರ್ಥೇಜಿನಲ್ಲಿದೆ. 203ರಲ್ಲಿ ಅಲ್ಲಿ ಕ್ರೈಸ್ತಳೆಂಬ ಕಾರಣಕ್ಕೆ ಮರಣದಂಡನೆಗೆ ಗುರಿಯಾದ ವಿಬಿಯಾ ಪರ್ಪೆಟುವಾ ಒಳ್ಳೆಯ ಮನೆತನದವಳು, ಇಪ್ಪತ್ತೆರಡರ ಆಸುಪಾಸಿನವಳು, ಹಾಲು ಕುಡಿಯುವ ಮಗುವಿನ ತಾಯಿ. ಸೆರೆಯಲ್ಲಿ ಅವಳೇ ಬರೆದಿಟ್ಟ ಟಿಪ್ಪಣಿ ನಮಗೆ ಉಳಿದಿದೆ. ಅದರಲ್ಲಿ ಗಂಡನ ಸುಳಿವೇ ಇಲ್ಲ. ಪುಟಪುಟದಲ್ಲೂ ಬರುವವನು ತಂದೆ. ಮೊದಲು ಕಣ್ಣು ಕೀಳುವವನಂತೆ ಮೇಲೆ ಬೀಳುತ್ತಾನೆ. ಆಮೇಲೆ ನನ್ನ ನರೆಗೂದಲು ನೋಡಿಯಾದರೂ ಮನಸ್ಸು ಬದಲಿಸು ಎಂದು ಬೇಡುತ್ತಾನೆ, ಕೈಗೆ ಮುತ್ತಿಟ್ಟು ಕಾಲಿಗೆ ಬೀಳುತ್ತಾನೆ, ಮಗಳನ್ನು ಮಗಳೆನ್ನದೆ ಒಡತಿ ಎನ್ನುತ್ತಾನೆ. ವಿಚಾರಣೆಯ ದಿನ ಅಧಿಕಾರಿ ಹಿಲಾರಿಯಾನಸ್ ಆ ಮುದುಕನನ್ನೇ ಕೋಲಿನಿಂದ ಹೊಡೆಸಿದಾಗ, ಏಟು ನನಗೇ ಬಿದ್ದಂತಾಯಿತು ಎಂದು ಮಗಳು ಬರೆಯುತ್ತಾಳೆ, ಆದರೆ ಮಣಿಯುವುದಿಲ್ಲ. ಈ ನಡುವೆ ಅವಳಿಗೊಂದು ದರ್ಶನವಾಗಿತ್ತು. ದೊಡ್ಡ ತೋಟದಲ್ಲಿ ಕುರಿ ಕರೆಯುತ್ತ ಕೂತ ನೀಳಕಾಯದ ನರೆತಲೆಯವನು, ಬಾ ಮಗು ಎಂದು ಬರಮಾಡಿಕೊಂಡು ಗಿಣ್ಣಿನ ತುತ್ತು ಕೊಡುತ್ತಾನೆ. ಒಂದು ನರೆತಲೆ ಅವಳ ಕಾಲ ಬಳಿ, ಇನ್ನೊಂದು ಅವಳ ಕನಸಿನಲ್ಲಿ. ಪರಲೋಕದ ತಂದೆ ಮನೆಯ ತಂದೆಯ ಹಿಗ್ಗಿಸಿದ ನೆರಳು ಮಾತ್ರ ಎಂದು ಫ್ರಾಯ್ಡ್ 1927ರಲ್ಲಿ ಬರೆದ. ಅಂಥ ನೆರಳನ್ನು ಆಸರೆಯಾಗಿ ಹಿಡಿದು ಮೂಲದ ಮನುಷ್ಯನನ್ನೇ ಎದುರಿಸುವುದು ಹೇಗೆ ಸಾಧ್ಯವಾಯಿತು ಎಂಬುದನ್ನು ಆ ಸಿದ್ಧಾಂತ ಬಿಡಿಸುವುದಿಲ್ಲ. ಒಬ್ಬಳ ಕನಸಿನ ಮೇಲೆ ಇಷ್ಟು ಭಾರ ಹೇರಬಾರದು ಎನ್ನುವವರಿಗೆ ಅದೇ ಊರಿನ ಬಿಷಪ್ ಸಿಪ್ರಿಯನ್ ಇದ್ದಾನೆ. ಸುಮಾರು 252ರಲ್ಲಿ, ಪರಲೋಕದಲ್ಲಿರುವ ನಮ್ಮ ತಂದೆಯೇ ಎಂದು ತೊಡಗುವ ಕರ್ತನ ಪ್ರಾರ್ಥನೆಯನ್ನು ವಿವರಿಸುತ್ತ ಅವನು, ಹೊಸ ಹುಟ್ಟು ಪಡೆದವನು ಮೊದಲು ಆಡುವ ಆ ಸಂಬೋಧನೆಯೇ ಲೌಕಿಕ ತಂದೆಯನ್ನು ತೊರೆದೆ ಎಂಬುದಕ್ಕೆ ಸಾಕ್ಷಿ ಎನ್ನುತ್ತಾನೆ.

ಕರ್ತನ ಪ್ರಾರ್ಥನೆ ಆಗ ಎಲ್ಲರ ಬಾಯಲ್ಲಿದ್ದ ಪಾಠವೂ ಅಲ್ಲ. ದೀಕ್ಷಾಸ್ನಾನಕ್ಕೆ ಸಿದ್ಧರಾದವರಿಗೆ ಕೆಲವೇ ದಿನ ಮುಂಚೆ ಅದನ್ನು ವಿಧಿಪೂರ್ವಕವಾಗಿ ಒಪ್ಪಿಸಿಕೊಡುತ್ತಿದ್ದರು, ಅವರು ಅದನ್ನು ಬಾಯಿಪಾಠ ಮಾಡಿ ತಿರುಗಿ ಒಪ್ಪಿಸಬೇಕಾಗಿತ್ತು. ಹಿಪ್ಪೋದಲ್ಲಿ ಬಿಷಪ್ ಅಗಸ್ಟೀನನು ಇಂಥ ಸಂದರ್ಭಕ್ಕೆ ಮಾಡಿದ ಪ್ರಸಂಗಗಳು ಉಳಿದಿವೆ. ಇನ್ನೂ ಹುಟ್ಟದವರು ತಂದೆಯನ್ನು ಕರೆಯುವುದು ಹೇಗೆ ಎಂಬುದು ಈ ಪದ್ಧತಿಯ ತರ್ಕ. ಚಕ್ರವರ್ತಿಯೂ ಭಿಕ್ಷುಕನೂ, ದಾಸನೂ ದಾಸನ ಒಡೆಯನೂ ಇದನ್ನೇ ಹೇಳುತ್ತಾರೆ, ಹಾಗಾಗಿ ಅವರೆಲ್ಲ ಅಣ್ಣತಮ್ಮಂದಿರು ಎಂದು ಅವನು ಆ ಹೊಸಬರಿಗೆ ನೆನಪಿಸುತ್ತಾನೆ. ಮನೆ ಸೇರಿದ ಮೇಲೆ ದಾಸ ದಾಸನಾಗಿಯೇ ಉಳಿದ, ಅದನ್ನು ಮರೆಮಾಚಬೇಕಿಲ್ಲ. ಅದೇ ಅಗಸ್ಟೀನನು ದೇವನಗರಿಯ ಕುರಿತ ದೊಡ್ಡ ಗ್ರಂಥದಲ್ಲಿ ಮನೆಯ ಶಾಂತಿಗಾಗಿ ಯಜಮಾನ ಏಟು ಕೊಡುವುದನ್ನು ಒಪ್ಪುತ್ತಾನೆ. ಎಫೆಸದವರಿಗೂ ಕೊಲೊಸ್ಸೆಯವರಿಗೂ ಬರೆದ ಪತ್ರಗಳು ಹೆಂಡತಿ, ಮಕ್ಕಳು, ದಾಸರು ಅಧೀನರಾಗಿರಲಿ ಎನ್ನುತ್ತವೆ. ಆದರೂ ಆ ಪತ್ರಗಳಲ್ಲೇ ತಂದೆಗಳಿಗೆ, ಮಕ್ಕಳನ್ನು ಕೆಣಕಬೇಡಿ ಎಂಬ ಎಚ್ಚರಿಕೆ, ಒಡೆಯರಿಗೆ, ನಿಮ್ಮ ಮೇಲೂ ಒಬ್ಬ ಒಡೆಯನಿದ್ದಾನೆ ಎಂಬ ನೆನಪು ಬರುತ್ತವೆ. ಅಂದರೆ ಯಜಮಾನ ಪೀಠದಿಂದ ಇಳಿಯಲಿಲ್ಲ, ಆದರೆ ಲೆಕ್ಕ ಒಪ್ಪಿಸಬೇಕಾದವನಾದ.

ಇಲ್ಲಿ ಚರಿತ್ರಕಾರರು ಎತ್ತುವ ಆಕ್ಷೇಪ ಗಟ್ಟಿಯಾದದ್ದು. ರೋಮನ್ ತಂದೆ ಕ್ರೈಸ್ತರಿಗೆ ಕಾಯದೆ ತಾನಾಗಿಯೇ ಮೆತ್ತಗಾಗುತ್ತಿದ್ದ. ಮಲತಾಯಿಯೊಡನೆ ಸಂಬಂಧವಿಟ್ಟುಕೊಂಡ ಮಗನನ್ನು ಬೇಟೆಯ ನೆಪದಲ್ಲಿ ಕೊಂದವನೊಬ್ಬನನ್ನು ಎರಡನೆಯ ಶತಮಾನದ ಹೇಡ್ರಿಯನ್ ಚಕ್ರವರ್ತಿ ದ್ವೀಪಕ್ಕೆ ಗಡೀಪಾರು ಮಾಡಿದ. ಈ ತೀರ್ಪನ್ನು ದಾಖಲಿಸಿದ ನ್ಯಾಯಶಾಸ್ತ್ರಜ್ಞ ಮಾರ್ಸಿಯನ್, ತಂದೆಯ ಅಧಿಕಾರ ನಿಂತಿರಬೇಕಾದದ್ದು ವಾತ್ಸಲ್ಯದ ಮೇಲೆ, ಕ್ರೌರ್ಯದ ಮೇಲಲ್ಲ ಎಂದು ವಿವರಿಸಿದ. ಇವರಾರೂ ಕ್ರೈಸ್ತರಲ್ಲ. ಎದುರು ದಿಕ್ಕಿನಲ್ಲಿ, ಕ್ರೈಸ್ತ ಲೇಖಕ ಲ್ಯಾಕ್ಟಾಂಟಿಯಸ್ ನಾಲ್ಕನೆಯ ಶತಮಾನದ ಆರಂಭದಲ್ಲಿ, ರೋಮನ್ ಯಜಮಾನನಂತೆ ದೇವರೂ ತಂದೆ ಮತ್ತು ಒಡೆಯ ಎರಡೂ ಆಗಿರುವುದರಿಂದ ಪ್ರೀತಿಯೂ ಭಯವೂ ಅವನಿಗೆ ಸಲ್ಲಬೇಕು ಎಂದು ವಾದಿಸಿದ. ಕ್ರೈಸ್ತ ಚಕ್ರವರ್ತಿಗಳ ಕಾನೂನುಗಳೂ ನೇರ ಗೆರೆಯಲ್ಲಿ ಸಾಗಲಿಲ್ಲ. ಬಡತನದಿಂದ ಮಕ್ಕಳನ್ನು ಮಾರುವ ತಂದೆತಾಯಿಗಳಿಗೆ ಖಜಾನೆಯಿಂದ ನೆರವು ಕೊಡಿಸಿದ ಕಾನ್‌ಸ್ಟಂಟೈನನೇ 331ರಲ್ಲಿ, ಎಸೆದ ಕೂಸನ್ನು ಎತ್ತಿಕೊಂಡವರು ಅದನ್ನು ದಾಸನಾಗಿಯೂ ಸಾಕಬಹುದು ಎಂದ. ಶಿಶುಹತ್ಯೆಗೆ ಮರಣದಂಡನೆ ಬಂದದ್ದು 374ರಲ್ಲಿ. ಹೀಗಾಗಿ ಈ ನಂಬಿಕೆಯೊಂದೇ ರೋಮನ್ ಕುಟುಂಬವನ್ನು ಬದಲಿಸಿತು ಎಂದರೆ ಅದು ಪ್ರಚಾರವಾದೀತು. ನಾನು ಹೇಳುತ್ತಿರುವುದು ಅದಕ್ಕಿಂತ ಸಣ್ಣದು. ಹೇಡ್ರಿಯನ್ನನ ತೀರ್ಪು ತಂದೆಯ ಅತಿರೇಕವನ್ನು ಮೇಲಿನಿಂದ ತಡೆಯಿತು. ಮಗಳೇ ಎದ್ದು ನಿಂತು ಆಗದು ಎನ್ನಲು ಅದು ಭಾಷೆ ಕೊಡಲಿಲ್ಲ. ಆ ಭಾಷೆ ಸಿಕ್ಕಿದ್ದು ಪ್ರಾರ್ಥನೆಯಿಂದ.

ಮುಂದೆಯೂ ಅದು ಹಾಗೆಯೇ ಸಿಗುತ್ತ ಹೋಯಿತು. 1206ರಲ್ಲಿ ಅಸ್ಸಿಸಿಯ ಬಟ್ಟೆ ವ್ಯಾಪಾರಿ ಪಿಯೆತ್ರೊ ಬೆರ್ನಾರ್ದೊನೆ ಹಣದ ವ್ಯಾಜ್ಯಕ್ಕಾಗಿ ಮಗನನ್ನು ಬಿಷಪ್‌ನ ಮುಂದೆ ನಿಲ್ಲಿಸಿದಾಗ, ಮಗ ಫ್ರಾನ್ಸಿಸ್ ಉಟ್ಟ ಬಟ್ಟೆಯನ್ನೂ ಕಳಚಿ ಕೊಟ್ಟು, ಇನ್ನು ನನಗೆ ಪರಲೋಕದ ತಂದೆಯೊಬ್ಬನೇ ಎಂದ. ಆ ತಂದೆ ಗಂಡಸೇ ಎಂಬ ಎಣಿಕೆಗೂ ಸಂಪ್ರದಾಯ ಅಂದುಕೊಂಡಷ್ಟು ಅಂಟಿಕೊಂಡಿರಲಿಲ್ಲ. ತಂದೆ ಎಂದ ಮಾತ್ರಕ್ಕೆ ದೇವರು ಗಂಡೆಂದು ತಿಳಿಯುವವರನ್ನು ನಾಲ್ಕನೆಯ ಶತಮಾನದ ನಾಜಿಯಾಂಜಸ್‌ನ ಗ್ರೆಗರಿ ಗೇಲಿ ಮಾಡಿದ್ದ; 675ರ ತೊಲೆದೊ ಸಭೆ ದೇವರ ಮಗನಾದ ಯೇಸು ತಂದೆಯ ಗರ್ಭದಿಂದ ಹುಟ್ಟಿದವನೆಂದು ನಿರ್ಣಯವನ್ನೇ ಬರೆಯಿತು.

ಆದರೆ ರಾಜರು? ದೇವರು ತಂದೆ, ರಾಜನೂ ತಂದೆ, ಆದ್ದರಿಂದ ಪ್ರಜೆ ಬಾಯಿ ಮುಚ್ಚಿರಬೇಕು ಎಂಬ ವಾದ ಯೂರೋಪಿನಲ್ಲಿ ಬಹುಕಾಲ ಬಾಳಿತು. ಅದರ ಪೂರ್ಣ ರೂಪ ರಾಬರ್ಟ್ ಫಿಲ್ಮರ್‌ನ ಗ್ರಂಥ. ಅವನು ತೀರಿಕೊಂಡು ಇಪ್ಪತ್ತೇಳು ವರ್ಷದ ಮೇಲೆ, 1680ರಲ್ಲಿ, ಅದು ಅಚ್ಚಾಯಿತು. ಆದಾಮನಿಗೆ ಮಕ್ಕಳ ಮೇಲಿದ್ದ ಒಡೆತನ ರಾಜರಿಗೆ ಇಳಿದು ಬಂದಿದೆ ಎಂಬುದು ಅವನ ಪ್ರಮೇಯ. 1689ರಲ್ಲಿ ಹೊರಬಂದ ಜಾನ್ ಲಾಕ್‌ನ ಉತ್ತರದಲ್ಲಿ ಕುತೂಹಲದ ಸಂಗತಿಯೆಂದರೆ, ಅವನು ಧರ್ಮವನ್ನು ಬದಿಗಿಟ್ಟು ವಾದಿಸಲಿಲ್ಲ. ಮಕ್ಕಳಿಗೆ ಜೀವ ಕೊಟ್ಟವನು ದೇವರು. ಹುಟ್ಟಿಸಿದೆನೆಂಬ ಕಾರಣಕ್ಕೆ ಒಡೆತನ ಕೇಳುವ ತಂದೆ ಜೀವದ ನಿಜವಾದ ಕರ್ತೃವನ್ನೇ ಮರೆತಿದ್ದಾನೆ ಎಂದ. ಹೆತ್ತವರಿಗೆ ಇರುವುದು ಬುದ್ಧಿ ಬರುವ ತನಕ ಸಾಕುವ ಹೊಣೆ, ಅದಕ್ಕೂ ಅವರು ದೇವರಿಗೆ ಉತ್ತರದಾಯಿಗಳು. ಹೆತ್ತವರನ್ನು ಗೌರವಿಸು ಎಂಬ ಬೈಬಲಿನ ಆಜ್ಞೆಯಲ್ಲಿ ತಂದೆಯ ಜೊತೆಗೆ ತಾಯಿಯ ಹೆಸರೂ ಇದೆ ಎಂಬುದನ್ನು ಫಿಲ್ಮರ್ ನುಂಗಿಹಾಕಿದ್ದನ್ನೂ ಅವನು ಬಿಡಲಿಲ್ಲ. ಗಂಡು ದೇವರು ಗಂಡಸರನ್ನು ದೇವರಾಗಿಸುತ್ತಾನೆ ಎಂದು ಸ್ತ್ರೀವಾದಿ ಚಿಂತಕಿ ಮೇರಿ ಡೇಲಿ 1973ರಲ್ಲಿ ಆರೋಪಿಸಿದಾಗ ಅವಳ ಕಣ್ಣ ಮುಂದೆ ಫಿಲ್ಮರ್‌ನಂಥವರ ಉದ್ದನೆಯ ಸಾಲೇ ಇತ್ತು, ಆ ಆರೋಪ ಸುಳ್ಳಲ್ಲ. ಅದು ಅರ್ಧ ಮಾತ್ರ ನಿಜ, ಏಕೆಂದರೆ ಫಿಲ್ಮರ್‌ನನ್ನು ಕೆಡವಿದ ಆಯುಧವೂ ಅದೇ ಕಮ್ಮಟದ್ದು.

ನನ್ನ ವಾದಕ್ಕೆ ನಿಜವಾದ ಕಷ್ಟ ಬರುವುದು ಬೇರೆ ಕಡೆಯಿಂದ. 1858ರ ಜೂನ್‌ನಲ್ಲಿ, ಪೋಪರ ಆಳ್ವಿಕೆಯಲ್ಲಿದ್ದ ಬೊಲೋನ್ಯಾದಲ್ಲಿ, ಪೊಲೀಸರು ಮೊಮೊಲೊ ಮೊರ್ತಾರಾ ಎಂಬ ಯೆಹೂದ್ಯ ವ್ಯಾಪಾರಿಯ ಮನೆಗೆ ಬಂದು ಆರು ವರ್ಷದ ಎದ್ಗಾರ್ದೊನನ್ನು ಎತ್ತಿಕೊಂಡು ಹೋದರು. ಹುಡುಗ ಕೂಸಾಗಿದ್ದಾಗ ಕಾಯಿಲೆ ಬಿದ್ದಿದ್ದ. ಸತ್ತೇಹೋಗುತ್ತಾನೆಂದು ಹೆದರಿ ಮನೆಗೆಲಸದ ಹುಡುಗಿ ಗುಟ್ಟಾಗಿ ದೀಕ್ಷಾಸ್ನಾನ ಕೊಟ್ಟಿದ್ದಳು. ಕ್ರೈಸ್ತನಾದ ಮಗು ಯೆಹೂದ್ಯರ ಮನೆಯಲ್ಲಿ ಬೆಳೆಯಕೂಡದು ಎಂಬುದು ಅಲ್ಲಿನ ಕಾನೂನು. ಯೂರೋಪು ಅಮೆರಿಕಗಳಲ್ಲಿ ಕೂಗೆದ್ದಿತು, ಪೋಪ್ ಒಂಬತ್ತನೆಯ ಪಿಯುಸ್ ಜಗ್ಗಲಿಲ್ಲ, ಹುಡುಗ ಪಾದ್ರಿಯಾಗಿ 1940ರಲ್ಲಿ ಬೆಲ್ಜಿಯಂನಲ್ಲಿ ತೀರಿಕೊಂಡ. ಮೇಲಿನ ತಂದೆಯ ಹಕ್ಕು ಕೆಳಗಿನ ತಂದೆಯ ಹಕ್ಕಿಗಿಂತ ದೊಡ್ಡದು ಎಂಬ ಸೂತ್ರ ಇಲ್ಲಿಯೂ ಕೆಲಸ ಮಾಡಿಲ್ಲವೇ ಎಂದು ಕೇಳಿದರೆ, ಮಾಡಿದೆ. ಆದರೆ ಪರ್ಪೆಟುವಾ, ಫ್ರಾನ್ಸಿಸ್ ಇಬ್ಬರೂ ಬೆಳೆದವರು, ಕೈಯಲ್ಲಿ ಯಾವ ಅಧಿಕಾರವೂ ಇಲ್ಲದವರು, ತಮ್ಮ ಪರವಾಗಿ ತಾವೇ ಮಾತಾಡಿದವರು. ಬೊಲೋನ್ಯಾದಲ್ಲಿ ಮಗುವಿನ ಪರವಾಗಿ ಮಾತಾಡಿದ್ದು ಪೊಲೀಸು. ಈ ವ್ಯತ್ಯಾಸ ಮಧ್ಯಯುಗದಲ್ಲೇ ಚರ್ಚೆಯಾಗಿತ್ತು. ಬುದ್ಧಿ ಬರುವವರೆಗೆ ಮಗು ಹೆತ್ತವರ ಆರೈಕೆಯಲ್ಲಿರುವುದೇ ನಿಸರ್ಗದ ನ್ಯಾಯ, ಯೆಹೂದ್ಯರ ಮಕ್ಕಳಿಗೆ ಹೆತ್ತವರ ಮನಸ್ಸಿಗೆ ವಿರುದ್ಧವಾಗಿ ದೀಕ್ಷೆ ಕೊಡಬಾರದು ಎಂದು ಹದಿಮೂರನೆಯ ಶತಮಾನದಲ್ಲಿ ದೇವಶಾಸ್ತ್ರಜ್ಞ ತೋಮಸ್ ಅಕ್ವಿನಾಸ್ ಬರೆದ. ಕೆಲವೇ ದಶಕಗಳ ಬಳಿಕ ಡನ್ಸ್ ಸ್ಕೋಟಸ್, ಮಗುವಿನ ಮೇಲೆ ದೇವರಿಗಿರುವ ಒಡೆತನ ಹೆತ್ತವರದಕ್ಕಿಂತ ದೊಡ್ಡದು, ಆದ್ದರಿಂದ ದೊರೆ ಹಾಗೆ ಮಾಡಬಹುದು ಎಂದು ತಿರುಗಿ ವಾದಿಸಿದ. ಸ್ಕೋಟಸ್‌ನ ದೇವರಲ್ಲಿ ನನಗೆ ಕಾಣುವುದು ಲೂಕನ ಕತೆಯ ಮುದುಕನಲ್ಲ, ಗಾಯಸ್‌ನ ಪುಸ್ತಕದ ಯಜಮಾನ. ಸಭೆಯ ಕಾನೂನು ಇಬ್ಬರನ್ನೂ ಇಟ್ಟುಕೊಂಡಿತು. ಹೆತ್ತವರ ಒಪ್ಪಿಗೆಯಿಲ್ಲದೆ ದೀಕ್ಷೆ ಕೊಡಬಾರದು, ಆದರೆ ಕೊಟ್ಟುಬಿಟ್ಟಿದ್ದರೆ ಅದು ಸಿಂಧು, ಮಗುವನ್ನು ಬೇರ್ಪಡಿಸಬೇಕು ಎಂದು 1747ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟ್ ಬರೆದ ಕಟ್ಟಳೆಯ ಎರಡನೆಯ ಅರ್ಧವನ್ನು ಹಿಡಿದೇ ಪೊಲೀಸರು ಮೊರ್ತಾರಾ ಮನೆಯ ಬಾಗಿಲು ತಟ್ಟಿದ್ದು. ಬೇರ್ಪಡಿಸುವ ಬಲ ಪೋಪರ ರಾಜ್ಯದ ಜೊತೆಗೆ 1870ರಲ್ಲಿ ಹೋಯಿತು. ವಾದ ಹೋಗಿಲ್ಲ: ಕಥೋಲಿಕ ಸಭೆಯ 1983ರ ಕಾನೂನು ಸಂಹಿತೆಯ 868ನೆಯ ವಿಧಿ, ಸಾಯುವ ಸ್ಥಿತಿಯಲ್ಲಿರುವ ಕೂಸಿಗೆ ಹೆತ್ತವರು ಬೇಡವೆಂದರೂ ದೀಕ್ಷಾಸ್ನಾನ ಕೊಡುವುದು ಸಕ್ರಮ ಎಂದೇ ಹೇಳುತ್ತದೆ, ಆ ಹೆತ್ತವರು ಕಥೋಲಿಕರಲ್ಲದಿದ್ದರೂ ಸರಿ.