ಫಿಂಗಲ್ ಗುಹೆ: ಒಂದು ಸ್ಥಳನಾಮದ ಪಲ್ಲಟ

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಾಚೆ, ಮಲ್ ದ್ವೀಪಕ್ಕೆ ಸಮೀಪದ ಸ್ಟಾಫಾ ಎಂಬ ನಡುಗಡ್ಡೆಯಲ್ಲಿ ಫಿಂಗಲ್ ಗುಹೆಯಿದೆ. ಸುಮಾರು 6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸವು ತಣಿದು ಕುಗ್ಗುವಾಗ ಸೀಳಿ, ಬಹುಮಟ್ಟಿಗೆ ಷಟ್ಕೋನದ ಕಂಬಗಳಾಯಿತು. ಅವುಗಳ ನಡುವೆ ಕಡಲು ಸುಮಾರು 70 ಮೀಟರ್ ಒಳಕ್ಕೆ ಕೊರೆದಿದೆ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಶಿಲೆಗಳನ್ನು ಕಂಡವರಿಗೆ ಈ ರಚನೆ ಅಪರಿಚಿತವೆನಿಸದು. ಶಿಲೆಯ ಜಾತಿ ಮತ್ತು ಕಾಲ ಮಾತ್ರ ಬೇರೆ.

1772ರ ಆಗಸ್ಟ್‌ನಲ್ಲಿ, ಐಸ್‌ಲ್ಯಾಂಡಿನ ದಾರಿಯಲ್ಲಿದ್ದ ಜೋಸೆಫ್ ಬ್ಯಾಂಕ್ಸ್ ಇಲ್ಲಿಗೆ ಬಂದನು. ಗುಹೆಯ ಹೆಸರೇನೆಂಬ ಪ್ರಶ್ನೆಗೆ ಮಾರ್ಗದರ್ಶಿ ನೀಡಿದ ಉತ್ತರವನ್ನು ಅವನು ಗೇಲಿಕ್ ವೀರ ಫಿನ್‌ನ ಗುಹೆಯೆಂದು ಗ್ರಹಿಸಿದನು. ಮ್ಯಾಕ್‌ಫರ್ಸನ್‌ನ 'ಫಿಂಗಲ್' ಕಾವ್ಯ ಪ್ರಕಟವಾಗಿ ಆಗ ಸುಮಾರು ಹತ್ತು ವರ್ಷ. ವಿದ್ವಾಂಸನ ಕಿವಿ ತಾನು ಮೊದಲೇ ಓದಿದ್ದನ್ನು ಕೇಳಿಸಿಕೊಂಡಿತೆನ್ನಬಹುದು. ಗೇಲಿಕ್ ನುಡಿಯಲ್ಲಿ ಈ ಗುಹೆಗಿರುವ ಹೆಸರಿನ ಅರ್ಥ 'ಇಂಪಾದ ಗುಹೆ'. 'ಇಂಪಾದ' ಎಂಬುದಕ್ಕೆ ಅಲ್ಲಿನ ಉಚ್ಚಾರ ಹೆಚ್ಚುಕಡಿಮೆ 'ವೀನ್'. 'ಫಿನ್‌ನ' ಎಂಬುದಕ್ಕೆ 'ಈನ್'. ಅಂತರ ಒಂದೇ ವ್ಯಂಜನದ್ದು. 1784ರಲ್ಲಿ ಬಂದ ಫ್ರೆಂಚ್ ಭೂವಿಜ್ಞಾನಿ ಫೋಜಾ ಈ ಗೊಂದಲವನ್ನು ಆಗಲೇ ಗುರುತಿಸಿದ್ದನು. ಫಿನ್‌ನ ಕಥೆಗಳು ದ್ವೀಪವಾಸಿಗಳ ನಾಲಿಗೆಯ ಮೇಲೂ ಇದ್ದುವಾದ್ದರಿಂದ ಇದನ್ನು ಬರಿಯ ಕಿವಿಯ ದೋಷವೆಂದು ತಳ್ಳಿಹಾಕಲಾಗದು. ಆದರೂ ಮುದ್ರಣಕ್ಕೇರಿದ್ದು ವೀರನ ಹೆಸರು, ಹಿಂದೆ ಸರಿದದ್ದು ನಾದದ ಹೆಸರು.

ಮೆಂಡೆಲ್ಸನ್‌ನ 'ಹೆಬ್ರಿಡೀಸ್' ಸಂಗೀತಕೃತಿಯೂ ಈ ವೀರನಾಮದಿಂದಲೇ ಪ್ರಚಲಿತವಾಯಿತು. ಅದರ ಮೊದಲ ಸ್ವರಗಳನ್ನು ಅವನು ಗುರುತುಹಾಕಿದ್ದು 1829ರ ಆಗಸ್ಟ್ 7ರಂದು, ಗುಹೆಯನ್ನು ಕಾಣುವ ಹಿಂದಿನ ದಿನ ಎಂಬುದು ಸ್ವಾರಸ್ಯಕರ. ಇಂದಿಗೂ ತೆರೆ ಒಳನುಗ್ಗಿದಾಗ ಕಮಾನಿನಂಥ ಚಾವಣಿಯಡಿ ನೀರಿನ ಸದ್ದು ಮಾರ್ದನಿಗೊಂಡು ಹೊರಬರುತ್ತದೆ.