ಪರಿಸರ ಪಾಠದ ಪುನರಾವರ್ತನೆ (ಶಿರಸಿ, ಸಿದ್ದಾಪುರ, ಯಲ್ಲಾಪುರ)

ಪರಿಸರ ವ್ಯವಸ್ಥೆ, ಆಹಾರ ಸರಪಳಿ, ಶಕ್ತಿಯ ಹರಿವು, ಪೋಷಕಾಂಶಗಳ ಚಕ್ರ, ಅನುಕ್ರಮಣ, ಧಾರಣ ಸಾಮರ್ಥ್ಯ ಮೊದಲಾದ ಮೂಲ ಪರಿಕಲ್ಪನೆಗಳನ್ನು ಕಲಿತ ಮೇಲೆ ವಿದ್ಯಾರ್ಥಿಗಳೊಡನೆ ಮತ್ತೊಮ್ಮೆ ಪರಿಶೀಲಿಸುವ ಕ್ರಮ. ಉತ್ತರ ಕನ್ನಡದ ಘಟ್ಟದ ಮೇಲಿನ ಮೂರು ತಾಲೂಕುಗಳಲ್ಲಿ ಈ ಪರಿಕಲ್ಪನೆಗಳ ಉದಾಹರಣೆಗಳು ದಿನಬಳಕೆಯ ನೆಲದಲ್ಲೇ ಸಿಗುತ್ತವೆ. ಶಿರಸಿ ತಾಲೂಕಿನ ಇಸಳೂರಿನಂಥ ಊರುಗಳ ಮಕ್ಕಳಿಗೆ ಕಾನು, ಬೆಟ್ಟ, ಬೇಣ, ಹಕ್ಕಲು ಎಂಬ ಹೆಸರುಗಳು ಮನೆಮಾತು. ನಿತ್ಯಹಸಿರು ಕಾಡು, ಸೊಪ್ಪಿಗೆಂದು ಬಿಟ್ಟ ಮರಗಾಡು, ಹುಲ್ಲುಗಾವಲು, ಕುರುಚಲು ನೆಲ ಎಂದು ಬೇರ್ಪಡಿಸುವ ಈ ವರ್ಗೀಕರಣವೇ ಆವಾಸ ವೈವಿಧ್ಯದ ಮೊದಲ ಪಾಠವಾಗಬಲ್ಲದು.

ಪಠ್ಯಕ್ರಮ

ಸರ್ವೋಚ್ಚ ನ್ಯಾಯಾಲಯ 1991ರಲ್ಲಿ ಎಂ. ಸಿ. ಮೆಹ್ತಾ ಪ್ರಕರಣದಲ್ಲಿ ನೀಡಿದ ತೀರ್ಪು ಪರಿಸರ ಶಿಕ್ಷಣವನ್ನು ಕಡ್ಡಾಯ ಮಾಡುವ ದಾರಿ ತೆರೆಯಿತು. ಪದವಿ ತರಗತಿಗಳಿಗೆ ಆರು ತಿಂಗಳ ಸಾಮಾನ್ಯ ಪಠ್ಯ ಬಂದದ್ದು ಆ ಬಳಿಕ. ಪದವಿಪೂರ್ವ ಜೀವಶಾಸ್ತ್ರಕ್ಕೆ ಕರ್ನಾಟಕ ಎನ್‌ಸಿಇಆರ್‌ಟಿ ಪಠ್ಯವನ್ನು ಅನುಸರಿಸುತ್ತದೆ. 2022ರಲ್ಲಿ ಆ ಪಠ್ಯದ ಹೊರೆ ಇಳಿಸಿದಾಗ ಅನುಕ್ರಮಣ, ಪೋಷಕಾಂಶಗಳ ಚಕ್ರ ಎಂಬ ಭಾಗಗಳೂ ಪರಿಸರ ಸಮಸ್ಯೆಗಳ ಇಡೀ ಅಧ್ಯಾಯವೂ ಹೊರಬಿದ್ದವು. ಶಿರಸಿ ಸೀಮೆಯ ಮಟ್ಟಿಗೆ ಇದು ದೊಡ್ಡ ನಷ್ಟ. ಇಲ್ಲಿನ ನೆಲದಲ್ಲಿ ಅತ್ಯಂತ ಸ್ಪಷ್ಟವಾಗಿ ಕಾಣುವುದು ಕೈಬಿಟ್ಟ ಆ ಎರಡು ಸಂಗತಿಗಳೇ.

ಸೊಪ್ಪಿನ ಬೆಟ್ಟ

ಅಡಿಕೆ ತೋಟ ಕಣಿವೆಯ ತಳದಲ್ಲಿರುತ್ತದೆ, ಅದನ್ನು ಸಾಕುವ ಬೆಟ್ಟ ಮೇಲಿನ ಇಳಿಜಾರಿನಲ್ಲಿ. ನೆಲ ಸರ್ಕಾರದ್ದು, ಸೊಪ್ಪು, ದರಕು (ಉದುರಿದ ಒಣ ಎಲೆ), ಕಟ್ಟಿಗೆ, ಮೇವಿನ ಹಕ್ಕು ತೋಟಿಗರದು. ಈ ವ್ಯವಸ್ಥೆಯ ಬೇರು ಹಳೆಯದು. ಸೋಂದಾ ಅರಸರ ಕಾಲದಲ್ಲೇ ಇಲ್ಲಿನ ಅಡಿಕೆ, ಮೆಣಸಿನ ತೋಟಗಳು ಹೆಸರಾಗಿದ್ದವು. 1801ರಲ್ಲಿ ಈ ಸೀಮೆಯನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್ ಅವುಗಳ ಬೇಸಾಯವನ್ನು ವಿವರವಾಗಿ ಬರೆದಿಟ್ಟ. 1862ರಲ್ಲಿ ಉತ್ತರ ಕನ್ನಡ ಮದರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಮೇಲೆ ಕಾಡಿನ ಮೇಲಿನ ಸರ್ಕಾರದ ಹಿಡಿತ ಬಿಗಿಯಾಯಿತು. ಆದರೂ ತೋಟಿಗರ ಸೊಪ್ಪಿನ ಹಕ್ಕನ್ನು ಪೂರ್ತಿ ಕಿತ್ತುಕೊಳ್ಳಲಾಗಲಿಲ್ಲ. ಎಕರೆ ತೋಟಕ್ಕೆ ಗರಿಷ್ಠ 9 ಎಕರೆ ಬೆಟ್ಟ ಎಂಬ ಲೆಕ್ಕ ಈ ಭಾಗದಲ್ಲಿ ರೂಢಿಗೆ ಬಂತು. ಒಂದು ಎಕರೆ ಬೆಳೆ ತನ್ನ ಫಲವತ್ತತೆಗಾಗಿ ಎಷ್ಟು ನೆಲವನ್ನು ಅವಲಂಬಿಸಿದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಅಂಕಿ ಪಠ್ಯಪುಸ್ತಕಗಳಲ್ಲಿ ಸಿಗುವುದು ಕಷ್ಟ.

ಮತ್ತಿ, ಹೊನ್ನೆ, ನಂದಿ, ನೇರಳೆಯ ಕೊಂಬೆ ಸವರಿ ತಂದ ಹಸಿ ಸೊಪ್ಪನ್ನು ಮಳೆಗಾಲದಲ್ಲೂ, ಗುಡಿಸಿ ತಂದ ದರಕನ್ನು ಬೇಸಿಗೆಯಲ್ಲೂ ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಸುತ್ತಾರೆ. ಒಣ ಎಲೆಯಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಹಾಗೇ ರಾಶಿ ಹಾಕಿದರೆ ಕೊಳೆಯುವುದು ನಿಧಾನ. ಸಗಣಿ, ಗಂಜಲ ಬೆರೆತಾಗ ಸಾರಜನಕದ ಕೊರತೆ ತುಂಬಿ, ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳ ಕೆಲಸ ಚುರುಕಾಗುತ್ತದೆ. ಗೊಬ್ಬರಗುಂಡಿಯಲ್ಲಿ ಕಳಿತ ಇದು ತೋಟಕ್ಕಿಳಿದು ಅಡಿಕೆ ಮರದ ಬುಡ ಸೇರುತ್ತದೆ.

ಪುನರಾವರ್ತನೆಯಲ್ಲಿ ಪದೇಪದೇ ಎದುರಾಗುವ ಗೊಂದಲವೊಂದನ್ನು ಇಲ್ಲಿ ಬಿಡಿಸಬಹುದು. ಶಕ್ತಿ ಹರಿಯುತ್ತದೆ, ವಸ್ತು ಸುತ್ತುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡಿರುತ್ತಾರೆ, ಪ್ರಶ್ನೆ ತಿರುಗಿಸಿ ಕೇಳಿದರೆ ಎರಡನ್ನೂ ಕಲಸುತ್ತಾರೆ. ಹಬೆಯಾಡುವ ಗೊಬ್ಬರಗುಂಡಿಯ ಶಾಖ ಎಲೆಗೆ ಮರಳದು. ಅದು ಹೊರಟುಹೋದ ಶಕ್ತಿ. ಅದೇ ಗುಂಡಿಯ ರಂಜಕ, ಪೊಟ್ಯಾಷ್ ಮಾತ್ರ ಮತ್ತೆ ಬೇರಿಗೆ ಸಿಗುತ್ತವೆ. ಒಂದು ಪೋಷಣ ಸ್ತರದಿಂದ ಮುಂದಿನದಕ್ಕೆ ಸುಮಾರು ಹತ್ತನೇ ಒಂದು ಪಾಲು ಶಕ್ತಿಯಷ್ಟೇ ದಾಟುತ್ತದೆ ಎಂಬ, ರೇಮಂಡ್ ಲಿಂಡೆಮನ್ನರ 1942ರ ಪ್ರಬಂಧದಿಂದ ಬೆಳೆದುಬಂದ ನಿಯಮವನ್ನು ಇಲ್ಲಿಗೆ ಜೋಡಿಸಬಹುದು. ಅದು ಸರಾಸರಿಯ ಅಂದಾಜು, ಎಲ್ಲ ಕಡೆಯೂ ಒಂದೇ ಅಲ್ಲ ಎಂದು ಸೇರಿಸಿ ಹೇಳಬೇಕು.

ಪುಸ್ತಕದ ಚಿತ್ರದಲ್ಲಿ ಪೋಷಕಾಂಶಗಳ ಚಕ್ರ ಮುಚ್ಚಿದ ವೃತ್ತ. ಬೆಟ್ಟದಲ್ಲಿ ಅದು ಹಾಗಿಲ್ಲ. ಸಾರ ಬೆಟ್ಟದಿಂದ ತೋಟಕ್ಕೆ ಇಳಿಯುತ್ತದೆ, ತೋಟದಿಂದ ಅಡಿಕೆಯಾಗಿ ಪೇಟೆಗೆ ಹೋಗುತ್ತದೆ. ಬೆಟ್ಟಕ್ಕೆ ಹಿಂದಿರುಗುವುದು ಅತ್ಯಲ್ಪ. ಮಳೆ, ಶಿಲೆಯ ಸವೆತ, ಸಾರಜನಕ ಸ್ಥಿರೀಕರಣ ಇವೆಲ್ಲ ಸೇರಿ ತುಂಬಿಕೊಡುವಷ್ಟನ್ನೇ ತೆಗೆದರೆ ಬೆಟ್ಟ ಬಾಳುತ್ತದೆ, ಮೀರಿದರೆ ಬೋಳಾಗುತ್ತದೆ. ಧಾರಣ ಸಾಮರ್ಥ್ಯದ ಅರ್ಥ ಇಷ್ಟೇ. ಮನೆಗೆ ಹತ್ತಿರದ ಬೆಟ್ಟ ಸವೆದು ದೂರದ್ದು ದಟ್ಟವಾಗಿರುವುದು ಹಲವೆಡೆ ಕಾಣುತ್ತದೆ. ಎರಡರಲ್ಲೂ ಒಂದೊಂದು ಚದರ ಮೀಟರಿನ ಚೌಕ ಹಾಕಿ ಸಸಿಗಳನ್ನು ಎಣಿಸಿ, ದರಕಿನ ದಪ್ಪ ಅಳೆದು, ಒಂದು ಬೊಗಸೆ ದರಕನ್ನು ಬಿಳಿ ಕಾಗದದ ಮೇಲೆ ಹರಡಿದರೆ ಪಾಠ ಕಣ್ಣಿಗೆ ಬೀಳುತ್ತದೆ: ಒಂದರಲ್ಲಿ ಚೋರಟೆ, ಗೆದ್ದಲು, ಎಲೆಗೆ ಎಲೆ ಹೊಲಿದಂತಿರುವ ಶಿಲೀಂಧ್ರದ ಬಿಳಿ ಎಳೆಗಳು, ಇನ್ನೊಂದರಲ್ಲಿ ಬಹುಶಃ ಕೆಂಪು ಜಂಬಿಟ್ಟಿಗೆ ಮಣ್ಣು, ಯುಪಟೋರಿಯಂ ಬೇರು. ಸೊಪ್ಪು ಕಡಿಯುವುದು ನಿಂತ ಬೆಟ್ಟದಲ್ಲಿ ನೆರಳು ಬೇಡುವ ಸಸಿಗಳು ಏಳುವುದು ಅನುಕ್ರಮಣ.

ಬಿದಿರಿನ ಮುಳ್ಳು

ದಾಂಡೇಲಿಯ ಕಾಗದ ಕಾರ್ಖಾನೆಗೆ ಬಿದಿರು ಪೂರೈಸುತ್ತಿದ್ದ ಕಾಡುಗಳಲ್ಲಿ ಬಿದಿರು ಕುಸಿಯುತ್ತಿದ್ದುದನ್ನು 1970ರ ದಶಕದ ನಡುವಿನಿಂದ ಮಾಧವ ಗಾಡ್ಗೀಳ್ ಮತ್ತು ಎಸ್. ನರೇಂದ್ರ ಪ್ರಸಾದ್ ಅಧ್ಯಯನ ಮಾಡಿದರು. ಮೆಳೆ ಸೊಂಪಾಗಿ ಬೆಳೆಯಲೆಂದು ಬುಡದ ಮುಳ್ಳು ಸವರುವುದು ಆಗಿನ ಅರಣ್ಯ ನಿರ್ವಹಣೆಯ ಕ್ರಮವಾಗಿತ್ತು. ಆದರೆ ಎಳೆಯ ಕಳಲೆಯನ್ನು ದನ, ಮಂಗ, ಮುಳ್ಳುಹಂದಿಗಳಿಂದ ಕಾಯುತ್ತಿದ್ದುದೇ ಆ ಮುಳ್ಳು. ಅದನ್ನು ತೆಗೆದ ಮೆಳೆಗಳಲ್ಲಿ ಹೊಸ ಗಳ ಉಳಿಯುತ್ತಿರಲಿಲ್ಲ. ಹಳ್ಳಿಗರು ಇದನ್ನು ಮೊದಲೇ ಹೇಳುತ್ತಿದ್ದರು. ಎಣಿಕೆ ಅವರ ಮಾತನ್ನು ದೃಢಪಡಿಸಿತು. ಊಹೆ, ವೀಕ್ಷಣೆ, ಹೋಲಿಕೆ, ತೀರ್ಮಾನ ಎಂಬ ವಿಜ್ಞಾನದ ವಿಧಾನವನ್ನು ವಿವರಿಸಲು ಈ ಜಿಲ್ಲೆಯಲ್ಲಿ ಇದಕ್ಕಿಂತ ಉತ್ತಮ ನಿದರ್ಶನವಿಲ್ಲ. ಸಸ್ಯದ ರಕ್ಷಣೋಪಾಯ, ಮೇಯುವಿಕೆಯ ಒತ್ತಡ, ಪುನರುತ್ಪತ್ತಿ ಮೂರೂ ಒಂದೇ ಕಥೆಯಲ್ಲಿ ಬರುತ್ತವೆ.

ಕಾನು ಮತ್ತು ಜಡ್ಡಿ

ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ರಾಂಪತ್ರೆ ಜಡ್ಡಿಗಳಲ್ಲಿ ವರ್ಷವಿಡೀ ನೀರು ಜಿನುಗುತ್ತದೆ. ನೀರು ತುಂಬಿದ ಮಣ್ಣಿನಲ್ಲಿ ಆಮ್ಲಜನಕ ವಿರಳ. ಅದಕ್ಕೇ ಇಲ್ಲಿನ ಕೆಲವು ಮರಗಳು ಮೊಣಕಾಲಿನಂತೆ ಬಾಗಿದ ಬೇರುಗಳನ್ನು ಕೆಸರಿನಿಂದ ಮೇಲೆತ್ತುತ್ತವೆ. ಹೊಂದಾಣಿಕೆ ಎಂಬ ಪದಕ್ಕೆ ಮರುಭೂಮಿಯ ಒಂಟೆಯವರೆಗೆ ಹೋಗಬೇಕಿಲ್ಲ. ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಗೇರು ಕುಟುಂಬದ ಮರವನ್ನು ಈ ಜಡ್ಡಿಗಳಿಂದಲೇ 2000ದಲ್ಲಿ ಹೊಸ ಪ್ರಭೇದವೆಂದು ವಿವರಿಸಲಾಯಿತು. ಸಿಂಗಳೀಕಗಳ ನೆಲೆಯಾದ ಈ ಭಾಗದ ಕಾಡು 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶವಾಯಿತು. ಸಿಂಗಳೀಕ ತಿನ್ನುವ ಉಪ್ಪಾಗೆಯನ್ನು ಜನರೂ ಕೊಯ್ಯುತ್ತಾರೆ. 1990ರ ದಶಕದಲ್ಲಿ ರಫ್ತಿನ ಬೆಲೆ ಏರಿದಾಗ, ಬೇರೆಯವರು ಕೊಯ್ದಾರೆಂದು ಎಳೆಯ ಕಾಯನ್ನೇ ಕಿತ್ತದ್ದು ಸಾಮುದಾಯಿಕ ಸಂಪತ್ತಿನ ಬಳಕೆ ಹೇಗೆ ಕೆಡುತ್ತದೆ ಎಂಬುದರ ಉದಾಹರಣೆ.

ಅಪ್ಪಿಕೊ

1983ರ ಸೆಪ್ಟೆಂಬರ್ 8ರಂದು ಶಿರಸಿ ಸಮೀಪದ ಸಾಲ್ಕಣಿಯ ಜನ ಕಳಸೆ ಕಾಡಿನ ಮರಗಳನ್ನು ಅಪ್ಪಿಕೊಂಡು ಕಡಿತ ತಡೆದರು. ಪಾಂಡುರಂಗ ಹೆಗಡೆ ಈ ಚಳವಳಿಯನ್ನು ಮುನ್ನಡೆಸಿದರು. ಸಹಜ ಕಾಡು ಕಡಿದು ತೇಗದ ನೆಡುತೋಪು ಮಾಡುವುದರ ವಿರೋಧವೂ ಅದರಲ್ಲಿತ್ತು. ಆದ್ದರಿಂದ ತರಗತಿಯಲ್ಲಿ ಇದನ್ನು ಇತಿಹಾಸವಾಗಿಯಷ್ಟೇ ಹೇಳದೆ, ಏಕಜಾತಿಯ ನೆಡುತೋಪಿಗೂ ಹಲವು ಸ್ತರದ ಕಾಡಿಗೂ ಇರುವ ವ್ಯತ್ಯಾಸದ ಜೊತೆ ಹೇಳುವುದು ಉಚಿತ.

ಹೊರಾಂಗಣ ಪಾಠದ ಕಾಲ

ಪುನರಾವರ್ತನೆ ಸಾಮಾನ್ಯವಾಗಿ ಪರೀಕ್ಷೆಗೆ ಮುಂಚಿನ ಜನವರಿ, ಫೆಬ್ರವರಿಯಲ್ಲಿ ಬರುತ್ತದೆ. ಮಂಗನ ಕಾಯಿಲೆಯ ಉಣುಗು ಕಾಡಿನಲ್ಲಿ ಹೆಚ್ಚುವುದೂ ಆಗಲೇ. 1957ರಲ್ಲಿ ನೆರೆಯ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಗುರುತಾದ ಈ ರೋಗ ಸಿದ್ದಾಪುರ ತಾಲೂಕಿನಲ್ಲಿ ಜೀವಗಳನ್ನು ಬಲಿ ತೆಗೆದುಕೊಂಡಿದೆ. ವೈರಾಣು, ಅದನ್ನು ಸಾಗಿಸುವ ಉಣುಗು, ಸೋಂಕಿನಿಂದ ಸಾಯುವ ಮಂಗ, ಕಾಯಿಲೆ ಬೀಳದೆಯೇ ಉಣುಗಿಗೆ ರಕ್ತವೂಡಿಸಿ ಅದರ ಸಂಖ್ಯೆ ಹೆಚ್ಚಿಸುವ ದನ ಇವುಗಳ ಸಂಬಂಧ ಜೀವಿಸಂಖ್ಯೆಯ ಅಧ್ಯಾಯಕ್ಕೆ ಸೇರಬೇಕಾದದ್ದು, ಆದರೆ ಅದನ್ನು ತರಗತಿಯ ಒಳಗೇ ಕಲಿಸಬೇಕು. ಬೆಟ್ಟಕ್ಕೆ ಹೋಗುವ ಪಾಠವನ್ನು ಮಳೆ ಬಿಟ್ಟ ಕೂಡಲೇ, ಅಕ್ಟೋಬರ್ ಹೊತ್ತಿಗೇ ಮುಗಿಸಿಕೊಳ್ಳುವುದು ಕ್ಷೇಮ. ಮಂಗ ಸತ್ತ ಸುದ್ದಿಯಿರುವ ಊರಿನಲ್ಲಿ ಆ ವರ್ಷ ಮಕ್ಕಳನ್ನು ಕಾಡಿಗೆ ಕರೆದೊಯ್ಯಲೇಬಾರದು.